ಕಂಪನಿ ಮರೆತವರಿಗೊಂದು ಕಾರ್ಡ್

ಎಂಬತ್ತು, ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ಟ್ರಂಪ್ ಕಾರ್ಡ್ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಮೇಲೆ ಕ್ರಿಕೆಟಿಗನ ಚಿತ್ರ, ಕೆಳಗೆ ಪಂದ್ಯ, ರನ್, ವಿಕೆಟ್. "ನಿನ್ನವನಿಗೆ ಎಷ್ಟು ವಿಕೆಟ್?" ಎಂದು ಕೇಳಿ ಗೆದ್ದವರೂ ಸೋತವರೂ ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದೇವೆ. ಅಮೆರಿಕದ ಮಕ್ಕಳಿಗೆ ಆ ಜಾಗದಲ್ಲಿ ಇದ್ದದ್ದು ಬೇಸ್‌ಬಾಲ್ ಕಾರ್ಡ್. ನಮ್ಮ ಕಾರ್ಡುಗಳು ಆಡಿ ಆಡಿ ಹರಿದುಹೋದವು. ಅವರ ಕಾರ್ಡುಗಳು ನೂರು ವರ್ಷ ದಾಟಿ ದೊಡ್ಡ ವ್ಯಾಪಾರವಾಗಿ ಬೆಳೆದವು. 2022ರ ಆಗಸ್ಟ್‌ನಲ್ಲಿ ಮಿಕಿ ಮ್ಯಾಂಟಲ್ ಎಂಬ ಆಟಗಾರರ 1952ರ ಒಂದು ಕಾರ್ಡ್ ಹರಾಜಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು.

ಆ ಹರಾಜಿನ ಗದ್ದಲದ ಪಕ್ಕದಲ್ಲೇ, ಹೆಚ್ಚು ಸದ್ದಿಲ್ಲದೆ, ಇನ್ನೊಂದು ಹವ್ಯಾಸ ನಡೆದುಬಂದಿದೆ. ಕಂಪನಿಗಳು ಎಂದೂ ಅಚ್ಚು ಹಾಕದ ಕಾರ್ಡುಗಳನ್ನು ಮನೆಯ ಮೇಜಿನ ಮೇಲೆ ತಾವೇ ವಿನ್ಯಾಸ ಮಾಡುವುದು. ಇವಕ್ಕೆ 'ಕಸ್ಟಮ್ ಕಾರ್ಡ್' ಎನ್ನುತ್ತಾರೆ. ಸಾವಿರಾರು ಬಗೆಯ ಅಸಲಿ ಕಾರ್ಡುಗಳು ಸಿಗುವಾಗ, ಬೆಲೆಯೇ ಇಲ್ಲದ ಒಂದನ್ನು ಮಾಡಲು ವಾರಗಟ್ಟಲೆ ಕೂರುವುದೇಕೆ? ಉತ್ತರ ಸಿಗಬೇಕಾದರೆ, ಕಾರ್ಡ್ ಯಾರಿಗೆ ಸಿಗುತ್ತಿತ್ತು, ಯಾರಿಗೆ ಸಿಗುತ್ತಿರಲಿಲ್ಲ ಎಂಬುದನ್ನು ಮೊದಲು ನೋಡಬೇಕು.

ಸಿಗರೇಟಿನಿಂದ ಗಮ್‌ಗೆ

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ತಂಬಾಕು ಕಂಪನಿಗಳು ಸಿಗರೇಟು ಪ್ಯಾಕಿನೊಳಗೆ ರಟ್ಟಿನ ಚಿತ್ರ ಇಡುತ್ತಿದ್ದವು. ಪ್ಯಾಕ್ ಬಾಗದಂತೆ ಬಿಗಿಯೂ ಆಯಿತು, ಗಿರಾಕಿಯನ್ನು ಮತ್ತೆ ಕರೆತರುವ ಉಪಾಯವೂ ಆಯಿತು. 1909ರಿಂದ 1911ರವರೆಗೆ ಬಂದ ಒಂದು ಸರಣಿಯಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರರು ತಮ್ಮ ಚಿತ್ರ ಹಾಕಲು ಒಪ್ಪಲಿಲ್ಲ. ಮಕ್ಕಳು ಕಾರ್ಡಿನ ಆಸೆಗೆ ತಂಬಾಕು ಕೊಳ್ಳಬಾರದು ಎಂಬುದು ಒಂದು ಕಥೆ, ದುಡ್ಡಿನ ಮಾತು ಕೂಡಿಬರಲಿಲ್ಲ ಎಂಬುದು ಇನ್ನೊಂದು. ಅಷ್ಟರಲ್ಲಿ ಅಚ್ಚಾಗಿದ್ದ ಕೆಲವೇ ಪ್ರತಿಗಳು ಇಂದು ಈ ಲೋಕದ ಅತಿ ಅಪರೂಪದ ವಸ್ತುಗಳ ಸಾಲಿನಲ್ಲಿವೆ.

ಆಮೇಲೆ ತಂಬಾಕಿನ ಜಾಗಕ್ಕೆ ಬಬಲ್ ಗಮ್ ಬಂತು. 1951ರಲ್ಲಿ ಟಾಪ್ಸ್ ಕಂಪನಿಯ ಸೈ ಬರ್ಗರ್, ಸಹೋದ್ಯೋಗಿ ವುಡಿ ಗೆಲ್ಮನ್ ಜೊತೆ ಸೇರಿ ಬ್ರೂಕ್ಲಿನ್‌ನ ತಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ ಹೊಸ ಕಾರ್ಡಿನ ನಕಾಶೆ ಹಾಕಿದರು. ಮುಂದೆ ಬಣ್ಣದ ಚಿತ್ರ, ಸಹಿ, ತಂಡದ ಲಾಂಛನ; ಹಿಂದೆ ಎತ್ತರ, ತೂಕ, ಹುಟ್ಟೂರು, ಅಂಕಿಅಂಶ, ನಾಲ್ಕು ಸಾಲಿನ ಪರಿಚಯ. ಇಂದಿಗೂ ಬೇಸ್‌ಬಾಲ್ ಕಾರ್ಡಿನ ಸ್ಥೂಲ ರೂಪ ಅದೇ. 1957ರಲ್ಲಿ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ ಎಂದು ನಿಂತಿತು. ಕೋಟಿಗಳ ಈ ವ್ಯಾಪಾರದ ಮೊದಲ ಮಾದರಿಯೂ ಮನೆಯ ಮೇಜಿನ ಮೇಲೆಯೇ ಹುಟ್ಟಿದ್ದು ಎಂಬುದು ಹವ್ಯಾಸಿಗಳಿಗೆ ಸಮಾಧಾನ ಕೊಡುವ ಸಂಗತಿ.

1956ರಲ್ಲಿ ಟಾಪ್ಸ್ ತನ್ನ ದೊಡ್ಡ ಪ್ರತಿಸ್ಪರ್ಧಿ ಬೋಮನ್ ಕಂಪನಿಯನ್ನು ಕೊಂಡುಕೊಂಡಿತು. ಅಲ್ಲಿಂದ 1981ರವರೆಗೆ ಹೆಚ್ಚುಕಡಿಮೆ ಅದರದ್ದೇ ರಾಜ್ಯ. ಅದರೊಡನೆ ಕರಾರು ಮಾಡಿಕೊಂಡವರಿಗೆ ಕಾರ್ಡ್, ಇಲ್ಲದವರಿಗೆ ಇಲ್ಲ. ತಮ್ಮ ಕಾಲದ ಮಹಾ ಬ್ಯಾಟರ್ ಆಗಿದ್ದ ಸ್ಟ್ಯಾನ್ ಮ್ಯೂಸಿಯಲ್‌ಗೆ 1958ರವರೆಗೆ ಟಾಪ್ಸ್ ಕಾರ್ಡೇ ಇರಲಿಲ್ಲ. ಮೌರಿ ವಿಲ್ಸ್ ಅವರದು ಇನ್ನೂ ವಿಚಿತ್ರ. 1962ರಲ್ಲಿ ಒಂದೇ ಋತುವಿನಲ್ಲಿ 104 ಬೇಸ್ ಕದ್ದು, ಅಂದರೆ ಪಿಚರ್ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡಿ, ತಮ್ಮ ಲೀಗಿನ ಅತ್ಯುತ್ತಮ ಆಟಗಾರ ಎನಿಸಿಕೊಂಡರು. ಆ ವರ್ಷ ಅವರಿಗೆ ಟಾಪ್ಸ್ ಕಾರ್ಡ್ ಇರಲಿಲ್ಲ. 1975ರಲ್ಲಿ ಕಂಪನಿ ಹಿಂದಿನ ವರ್ಷಗಳ ಅತ್ಯುತ್ತಮ ಆಟಗಾರರ ಹಳೆಯ ಕಾರ್ಡುಗಳ ಚಿತ್ರ ತೋರಿಸುವ ಸರಣಿ ತಂದಾಗ ಪೇಚಿಗೆ ಸಿಕ್ಕಿತು. ತೋರಿಸಲು ವಿಲ್ಸ್ ಅವರ 1962ರ ಕಾರ್ಡ್ ಎಲ್ಲಿದೆ? ಕೊನೆಗೆ ಎಂದೂ ಇಲ್ಲದ ಆ ಕಾರ್ಡನ್ನು ಕಂಪನಿಯೇ ಸೃಷ್ಟಿಸಿ ಅಚ್ಚು ಹಾಕಿತು. ಕಸ್ಟಮ್ ಕಾರ್ಡ್ ಮಾಡುವವರು ಇಂದು ಮಾಡುವುದೂ ಇದನ್ನೇ.

ಬಿಟ್ಟುಹೋದವರು

ಕರಾರಿನ ಜಗಳದಿಂದ ಬಿಟ್ಟುಹೋದವರಿಗೆ ಮುಂದೊಂದು ದಿನವಾದರೂ ಕಾರ್ಡ್ ಬಂತು. ಬಣ್ಣದ ಕಾರಣಕ್ಕೆ ಬಿಟ್ಟುಹೋದವರ ಕಥೆ ಬೇರೆ.

ಜಾಶ್ ಗಿಬ್ಸನ್ ಕ್ಯಾಚರ್, ಜೊತೆಗೆ ಭಾರಿ ಹೊಡೆತಗಾರ. ಕಪ್ಪು ವರ್ಣದವರಾದ್ದರಿಂದ ಮೇಜರ್ ಲೀಗಿನ ಬಾಗಿಲು ಮುಚ್ಚಿತ್ತು. ಅವರು ಆಡಿದ್ದು ಕಪ್ಪು ಆಟಗಾರರಿಗಾಗಿಯೇ ಇದ್ದ ನೀಗ್ರೋ ಲೀಗುಗಳಲ್ಲಿ, ಹೋಮ್‌ಸ್ಟೆಡ್ ಗ್ರೇಸ್ ಮತ್ತು ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಗಳಿಗೆ. 1947ರ ಜನವರಿ 20ರಂದು, ಕೇವಲ 35ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಮೇಜರ್ ಲೀಗಿನ ಮೈದಾನಕ್ಕೆ ಇಳಿದು ಆ ಬಾಗಿಲು ತೆರೆದರು. ನಡುವೆ ಇದ್ದದ್ದು ಮೂರು ತಿಂಗಳೂ ಅಲ್ಲ. ಗಿಬ್ಸನ್ ಆಡುತ್ತಿದ್ದ ಅಷ್ಟೂ ವರ್ಷ ಅಮೆರಿಕದ ಯಾವ ದೊಡ್ಡ ಗಮ್ ಕಂಪನಿಯೂ ಅವರ ಕಾರ್ಡ್ ಮಾಡಲಿಲ್ಲ. ಕಾರ್ಡ್ ಕೂಡಿಡುತ್ತಿದ್ದ ಹುಡುಗನ ಮಟ್ಟಿಗೆ ಅಂಥ ಒಬ್ಬ ಆಟಗಾರ ಇರಲೇ ಇಲ್ಲ.

1943ರಿಂದ 1954ರವರೆಗೆ ನಡೆದ ಮಹಿಳೆಯರ ವೃತ್ತಿಪರ ಲೀಗಿನ ಆಟಗಾರ್ತಿಯರಿಗೂ ಅಂಗಡಿಯ ಗಮ್ ಪೊಟ್ಟಣದಲ್ಲಿ ಜಾಗ ಇರಲಿಲ್ಲ.

ಹವ್ಯಾಸಿಗಳು ಕೈ ಹಾಕುವುದು ಇಂಥ ಖಾಲಿ ಜಾಗಗಳಿಗೆ. ಗಿಬ್ಸನ್ ಅವರನ್ನು 1930ರ ದಶಕದ ಗಮ್ ಕಾರ್ಡಿನ ಚೌಕಟ್ಟಿಗೆ ತರುತ್ತಾರೆ. ಮ್ಯೂಸಿಯಲ್ ಅವರಿಗೆ 1956ರ ಕಾರ್ಡ್ ಕೊಡುತ್ತಾರೆ. ಕಂಪನಿಯ ತಪ್ಪುಗಳನ್ನೂ ತಿದ್ದುತ್ತಾರೆ. 1957ರಲ್ಲಿ ಹ್ಯಾಂಕ್ ಆರನ್ ಅವರ ಫೋಟೊ ತಿರುವುಮುರುವಾಗಿ ಅಚ್ಚಾಗಿ, ಬಲಗೈ ಬ್ಯಾಟರ್ ಎಡಗೈಯವರಾಗಿ ಕಂಡರು. 1969ರಲ್ಲಿ ಔರೇಲಿಯೊ ರಾಡ್ರಿಗಸ್ ಅವರ ಕಾರ್ಡಿನಲ್ಲಿ ತಂಡದ ಬ್ಯಾಟ್ ಎತ್ತಿಕೊಡುವ ಹುಡುಗನ ಚಿತ್ರ ಬಂತು. ಇವನ್ನು ಸರಿಪಡಿಸಿ ಮತ್ತೆ ಮಾಡುವುದು ಹೊಸಬರಿಗೆ ಒಳ್ಳೆಯ ಪಾಠ. ವಿನ್ಯಾಸ ಸಿದ್ಧವಿದೆ, ಬದಲಿಸಬೇಕಾದದ್ದು ಚಿತ್ರ ಮಾತ್ರ.

ಮುಂಬದಿ

ಕೆಲಸ ಶುರುವಾಗುವುದು ಚಿತ್ರದಿಂದ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 1887ರಿಂದ 1914ರವರೆಗಿನ 2,100 ಬೇಸ್‌ಬಾಲ್ ಕಾರ್ಡುಗಳ ಸಂಗ್ರಹವಿದೆ. ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು, ಇಳಿಸಿಕೊಳ್ಳಬಹುದು. ಒಂದೊಂದು ಕಾಲದ ಬಣ್ಣ, ಅಕ್ಷರ, ಅಂಚು ಹೇಗಿದ್ದವು ಎಂದು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಫೋಟೊಶಾಪ್ ಇದ್ದರೆ ಸರಿ, ಇಲ್ಲದಿದ್ದರೆ ಉಚಿತವಾಗಿ ಸಿಗುವ ಗಿಂಪ್, ಇಂಕ್‌ಸ್ಕೇಪ್ ಸಾಕು. 300 ಡಿಪಿಐ ಲೆಕ್ಕದಲ್ಲಿ ಕಾರ್ಡಿನ ಅಳತೆ 750 ಅಡ್ಡ, 1,050 ಉದ್ದ ಪಿಕ್ಸೆಲ್. ಕತ್ತರಿಸುವಾಗ ಬ್ಲೇಡ್ ಕೂದಲೆಳೆ ಸರಿದರೂ ಬಿಳಿ ಗೆರೆ ಕಾಣುತ್ತದೆ. ಹಾಗಾಗಿ ಹಿನ್ನೆಲೆಯ ಬಣ್ಣವನ್ನು ನಾಲ್ಕೂ ಕಡೆ ಒಂದು ಇಂಚಿನ ಎಂಟನೇ ಒಂದು ಭಾಗ ಹೊರಗೆ ಚಾಚಬೇಕು. ಮುದ್ರಣದವರು ಇದನ್ನು ಬ್ಲೀಡ್ ಎನ್ನುತ್ತಾರೆ. ಅದೂ ಸೇರಿದರೆ ಅಳತೆ 825 ಮತ್ತು 1,125. ಹೆಸರು, ಲಾಂಛನ ಅಂಚಿಗೆ ತಾಗದಂತೆ ಅಷ್ಟೇ ಜಾಗ ಒಳಗೂ ಬಿಡಬೇಕು.

ಹಳೆಯ ವಿನ್ಯಾಸ ಅನುಸರಿಸುವುದು ಒಂದು ದಾರಿಯಾದರೆ, ಸಂಪೂರ್ಣ ಹೊಸದು ಕಟ್ಟುವುದು ಇನ್ನೊಂದು. 2020ರಲ್ಲಿ ಟಾಪ್ಸ್ ಕಂಪನಿಯೇ 20 ಕಲಾವಿದರನ್ನು ಕರೆದು, ತನ್ನ 20 ಹೆಸರಾಂತ ಕಾರ್ಡುಗಳನ್ನು ಅವರವರ ಕೈಯಲ್ಲಿ ಮತ್ತೆ ಬಿಡಿಸಿತು. ಹವ್ಯಾಸಿಗಳು ಮನೆಯಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಹೀಗೆ ಕಂಪನಿಯಲ್ಲೂ ಜಾಗ ಸಿಕ್ಕಿತು.

ಹಿಂಬದಿಯೇ ಕಷ್ಟ

ಮುಂಬದಿ ಕಣ್ಣಿಗೆ, ಹಿಂಬದಿ ಮನಸ್ಸಾಕ್ಷಿಗೆ. ಅಂಗೈಯಗಲದ ಜಾಗದಲ್ಲಿ ಒಬ್ಬರ ಬದುಕನ್ನು ಹೇಳಬೇಕು, ಸುಳ್ಳು ಬೆರೆಸದೆ ಹೇಳಬೇಕು.

ಗಿಬ್ಸನ್ ಅವರ ಕಾರ್ಡನ್ನೇ ನೋಡಿ. ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನ ಫಲಕ ಅವರು ಸುಮಾರು 800 ಹೋಮ್ ರನ್ ಹೊಡೆದರೆಂದು ಹೇಳುತ್ತದೆ. ಲೀಗಿನ ಅಧಿಕೃತ ಪಂದ್ಯಗಳ ಲೆಕ್ಕದಲ್ಲಿ ಅವು ಇನ್ನೂರನ್ನೂ ಮುಟ್ಟುವುದಿಲ್ಲ. ಎರಡೂ ಸುಳ್ಳಲ್ಲ. ಲೀಗಿನ ಪಂದ್ಯಗಳು ಕಡಿಮೆ. ಹೊಟ್ಟೆಪಾಡಿಗಾಗಿ ತಂಡಗಳು ಊರೂರು ಸುತ್ತಿ ಆಡಿದ ಪಂದ್ಯಗಳು ಅದಕ್ಕಿಂತ ಎಷ್ಟೋ ಹೆಚ್ಚು, ಅವುಗಳ ದಾಖಲೆ ಮಾತ್ರ ಚೂರುಪಾರು. ಹಾಗಾದರೆ ಕಾರ್ಡಿನ ಹಿಂದೆ ಯಾವ ಅಂಕಿ ಬರೆಯಬೇಕು? ಒಳ್ಳೆಯ ಕಸ್ಟಮ್ ಕಾರ್ಡು ಎರಡನ್ನೂ ಬರೆದು, ಯಾವುದು ಯಾವ ಲೆಕ್ಕ ಎಂದು ಒಂದು ಸಾಲಿನಲ್ಲಿ ತಿಳಿಸುತ್ತದೆ. ಮೇಜಿನ ಮುಂದೆ ಕೂತವರು ಆ ಹೊತ್ತಿಗೆ ಚಿತ್ರಕಾರರಾಗಿ ಉಳಿದಿರುವುದಿಲ್ಲ, ಹಳೆಯ ಪತ್ರಿಕೆ ತಿರುವಿಹಾಕುವ ಇತಿಹಾಸಕಾರರಾಗಿರುತ್ತಾರೆ.

2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ಹಳೆಯ ನೀಗ್ರೋ ಲೀಗುಗಳಿಗೂ ಮೇಜರ್ ಲೀಗಿನ ಸ್ಥಾನ ಇದೆ ಎಂದು ಒಪ್ಪಿಕೊಂಡಿತು. 2024ರ ಮೇ ತಿಂಗಳಲ್ಲಿ ಆ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಿತು. 0.372 ಬ್ಯಾಟಿಂಗ್ ಸರಾಸರಿಯೊಂದಿಗೆ ಗಿಬ್ಸನ್, ದಶಕಗಳಿಂದ ಮೊದಲ ಸ್ಥಾನದಲ್ಲಿದ್ದ ಟೈ ಕಾಬ್ ಅವರನ್ನು ಹಿಂದೆ ಹಾಕಿದರು. ತೀರಿಕೊಂಡು 77 ವರ್ಷದ ಮೇಲೆ! ಅವರ ಕಾರ್ಡ್ ಮಾಡುವವರು ಈಗ ಹಿಂಬದಿಯಲ್ಲಿ ಆ ಅಂಕಿಯನ್ನು ಧೈರ್ಯವಾಗಿ ಬರೆಯಬಹುದು.

ಎಲ್ಲಿ ನಿಲ್ಲಬೇಕು

ಹಳೆಯ ಕಾರ್ಡಿನ ಬೆಲೆ ಏರಿದಷ್ಟೂ ನಕಲಿಯ ಕಾಟವೂ ಏರಿದೆ. ಕಸ್ಟಮ್ ಕಾರ್ಡಿಗೂ ನಕಲಿ ಕಾರ್ಡಿಗೂ ನಡುವೆ ಇರುವುದು ಒಂದೇ ಗೆರೆ, ಮೋಸದ ಉದ್ದೇಶ. ಆದ್ದರಿಂದ ಹಿಂಬದಿಯಲ್ಲಿ 'ಕಸ್ಟಮ್' ಎಂಬ ಪದವನ್ನೂ ಮಾಡಿದ ವರ್ಷವನ್ನೂ ಅಚ್ಚು ಹಾಕುವುದು ಒಳ್ಳೆಯದು. ಚಹಾದಲ್ಲಿ ಅದ್ದಿ, ಮೂಲೆ ಸವೆಸಿ ಹಳೆಯದರಂತೆ ಕಾಣಿಸುವ ಗೋಜಿಗೆ ಹೋಗಬಾರದು. ನಿಮ್ಮ ಕೈಯಿಂದ ಹೋದ ಕಾರ್ಡ್ ಹತ್ತು ವರ್ಷದ ಮೇಲೆ ಯಾರೋ ಅಮಾಯಕರನ್ನು ಮೋಸಗೊಳಿಸುವ ಹಾಗಿರಬಾರದು.

ಮಾರಾಟದ ಮಾತು ಬಂದರೆ ಇನ್ನೂ ಎಚ್ಚರ ಬೇಕು. ತಂಡದ ಹೆಸರು, ಲಾಂಛನಕ್ಕೆ ಟ್ರೇಡ್‌ಮಾರ್ಕ್ ಇದೆ. ಫೋಟೊ ಮೇಲೆ ತೆಗೆದವರ ಹಕ್ಕಿದೆ. ತನ್ನ ಹೆಸರು, ಮುಖವನ್ನು ವ್ಯಾಪಾರಕ್ಕೆ ಬಳಸುವುದರ ಮೇಲೆ ಆಟಗಾರನ ಹಕ್ಕಿದೆ. ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ಕಳೆದ ಚಿತ್ರಗಳು ಅಲ್ಲಿ ಸಾರ್ವಜನಿಕ ಸ್ವತ್ತು. ಹೊಸಬರು ಅಲ್ಲಿಂದ ಶುರು ಮಾಡಿದರೆ ತಲೆನೋವಿಲ್ಲ. ಅಥವಾ ದುಡ್ಡನ್ನೇ ದೂರವಿಡುವ ಒಂದು ಪದ್ಧತಿ ಇದೆ. 1997ರಲ್ಲಿ ಜ್ಯೂರಿಕ್‌ನ ಕಲಾವಿದ ಸ್ಟಿರ್ನೆಮನ್ ಇದೇ ಅಳತೆಯ, ಕೈಯಿಂದ ಮಾಡಿದ ಕಾರ್ಡುಗಳನ್ನು ಪ್ರದರ್ಶಿಸಿ ಒಂದು ನಿಯಮ ಹಾಕಿದರು: ಮಾರುವಂತಿಲ್ಲ, ನಿಮ್ಮದೊಂದು ಕೊಟ್ಟು ನನ್ನದೊಂದು ಒಯ್ಯಿರಿ.

ನಮ್ಮ ಗಲ್ಲಿಗಳಲ್ಲಿ

ಬೇಸ್‌ಬಾಲ್ ನಮ್ಮ ಆಟವಲ್ಲ, ನಿಜ. ಆದರೂ ಒಂದು ಎಳೆ ಇದೆ. ಉತ್ತರ ಪ್ರದೇಶದಲ್ಲಿ ಜಾವೆಲಿನ್ ಎಸೆಯುತ್ತಿದ್ದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ಟಿವಿಯ ಒಂದು ಸ್ಪರ್ಧೆಯ ಮೂಲಕ ಆಯ್ಕೆಯಾಗಿ, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಕರಾರಿಗೆ ಸಹಿ ಹಾಕಿದರು. ಅದಕ್ಕೆ ಮೊದಲು ಅವರು ಬೇಸ್‌ಬಾಲ್ ಆಡಿದವರೇ ಅಲ್ಲ. ಮೇಜರ್ ಲೀಗಿನವರೆಗೆ ಇಬ್ಬರೂ ತಲುಪಲಿಲ್ಲ. ದೊಡ್ಡ ಲೀಗ್ ಮುಟ್ಟದವರಿಗೂ ಹೇಳಿಕೊಳ್ಳಲು ಒಂದು ಕಥೆ ಇರುತ್ತದೆ. ಭಾರತದ ಓದುಗರು ಮಾಡುವ ಮೊದಲ ಬೇಸ್‌ಬಾಲ್ ಕಾರ್ಡಿಗೆ ಇವರಿಗಿಂತ ಒಳ್ಳೆಯ ವಿಷಯ ಬೇಡ.

ಮುದ್ರಣಕ್ಕೆ ಅಮೆರಿಕಕ್ಕೆ ಬರೆಯಬೇಕಿಲ್ಲ. ದಿಲ್ಲಿಯ ಚಾವ್ಡಿ ಬಜಾರ್, ಹೈದರಾಬಾದಿನ ಛತ್ತಾ ಬಜಾರ್, ಚೆನ್ನೈನ ಆಂಡರ್ಸನ್ ಸ್ಟ್ರೀಟ್‌ಗೆ ಹೋದರೆ ಮದುವೆ ಕಾಗದದ ಅಂಗಡಿಗಳ ಸಾಲೇ ಇದೆ. ಮುಂಬೈ, ಪುಣೆಯಲ್ಲಿ ವಿಸಿಟಿಂಗ್ ಕಾರ್ಡ್ ಹಾಕಿಕೊಡುವ ಯಾವ ಡಿಜಿಟಲ್ ಪ್ರೆಸ್ ಆದರೂ ಆದೀತು. "300ರಿಂದ 350 ಜಿಎಸ್‌ಎಂ ಆರ್ಟ್ ಕಾರ್ಡ್, ಎರಡೂ ಕಡೆ" ಎಂದರೆ ಅವರಿಗೆ ತಿಳಿಯುತ್ತದೆ. 12ಕ್ಕೆ 18 ಇಂಚಿನ ಒಂದು ಹಾಳೆಯಲ್ಲಿ ಬ್ಲೀಡ್ ಸಮೇತ 18 ಕಾರ್ಡ್ ಕೂರುತ್ತವೆ. ಒಂದು ತಂಡಕ್ಕೆ ಆಗಿ ಮಿಗುತ್ತದೆ.

ಹಿಂಬದಿಯನ್ನು ಕನ್ನಡದಲ್ಲೇ ಬರೆಯಿರಿ. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾದರೆ, ಅಕ್ಷರ ಜೋಡಣೆಯ ಆಯ್ಕೆಯನ್ನು ದಕ್ಷಿಣ ಏಷ್ಯಾದ ಭಾಷೆಗಳಿಗೆ ಬದಲಿಸಬೇಕು. ಇಂಕ್‌ಸ್ಕೇಪ್‌ನಲ್ಲಿ ಆ ತೊಂದರೆ ಇಲ್ಲ. ಹೆಸರಿಗೆ ದಪ್ಪ ಅಕ್ಷರ ಬೇಕಿದ್ದರೆ ಮುಂಬೈನ ಏಕ್ ಟೈಪ್ ತಂಡ ರೂಪಿಸಿದ 'ಬಾಲೂ ತಮ್ಮ' ಉಚಿತವಾಗಿ ಸಿಗುತ್ತದೆ.

ಬೇಸ್‌ಬಾಲಿನ ಕಾರ್ಡಿನಲ್ಲಿ ಕೈ ಪಳಗಿದ ಮೇಲೆ ಸುತ್ತ ಒಮ್ಮೆ ನೋಡಿ. ನಿಮ್ಮ ಕನ್ನಡ ಸಂಘದ ಕ್ರಿಕೆಟ್ ಪಂದ್ಯಾವಳಿಗೆ ಇಪ್ಪತ್ತು ವರ್ಷ ಸ್ಕೋರು ಬರೆದವರು ಇದ್ದಾರೆ. ಭಾನುವಾರದ ಥ್ರೋಬಾಲ್ ತಂಡ ಕಟ್ಟಿ ನಿಲ್ಲಿಸಿದ ಅಕ್ಕ ಇದ್ದಾರೆ. ಹೋಟೆಲ್ ಕೆಲಸ ಮುಗಿಸಿ ರಾತ್ರಿ ಕಬಡ್ಡಿ ಆಡುತ್ತಿದ್ದು, ಈಗ ಮಂಡಿನೋವೆಂದು ಕೂತಿರುವ ಅಣ್ಣ ಇದ್ದಾರೆ. ಇವರ ಕಾರ್ಡನ್ನು ಯಾವ ಕಂಪನಿಯೂ ಮಾಡುವುದಿಲ್ಲ. ಹಳೆಯ ಫೋಟೊ ಇನ್ನೂ ಯಾರದೋ ಆಲ್ಬಮ್ಮಿನಲ್ಲಿದೆ, ಅಂಕಿಗಳು ಇನ್ನೂ ಅವರ ನೆನಪಿನಲ್ಲಿವೆ. ಹೋಗಿ ಕೇಳಿ ಬರೆದುಕೊಳ್ಳಿ. ಗಿಬ್ಸನ್ ಅವರ ಅಂಕಿ ಹುಡುಕಿದವರಿಗೆ ಕೇಳಲು ಗಿಬ್ಸನ್ ಇರಲಿಲ್ಲ. ನಮಗೆ ಕೇಳಲು ಇವರು ಇದ್ದಾರೆ.