ಆಬಿದ್ ರಸ್ತೆ: ಅಳಿದ ಅಂಗಡಿ, ಉಳಿದ ಹೆಸರು

ನಗರದ ಬೀದಿಯೊಂದು ತನ್ನ ಇತಿಹಾಸವನ್ನು ಕಟ್ಟಡಗಳಲ್ಲಿಯೂ ಹೆಸರುಗಳಲ್ಲಿಯೂ ಕಾಪಾಡಿಕೊಳ್ಳುವುದು. ಇವುಗಳಲ್ಲಿ ಕಟ್ಟಡವೇ ಹೆಚ್ಚು ಬಾಳುವುದೆಂದು ಸಾಮಾನ್ಯ ಭಾವನೆ. ಹೈದರಾಬಾದಿನ ಆಬಿದ್ ರಸ್ತೆಯ ಸಾಕ್ಷ್ಯವು ಇದಕ್ಕೆ ವಿರುದ್ಧವಾಗಿದೆ.

ಈ ರಸ್ತೆಗೆ ಹೆಸರು ಬಂದುದು ಅರಸನಿಂದಲ್ಲ, ಅಂಗಡಿಯಿಂದ. 1869ರಿಂದ 1911ರವರೆಗೆ ಪಟ್ಟದಲ್ಲಿದ್ದ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಪ್ತ ಪರಿಚಾರಕನಾಗಿದ್ದ ಆಲ್ಬರ್ಟ್ ಆಬಿದ್ ಎಂಬವನು ಇಲ್ಲಿ ಮಳಿಗೆಯನ್ನು ತೆರೆದನು. ಸ್ಥಳವೂ ಅನುಕೂಲವಾಗಿತ್ತು: ಮೂಸಿ ನದಿಯ ದಕ್ಷಿಣಕ್ಕೆ ಹಳೆಯ ಪಟ್ಟಣ, ಉತ್ತರದ ದಡದಲ್ಲಿ ಬ್ರಿಟಿಷ್ ರೆಸಿಡೆನ್ಸಿ. ಮುಂದೆ ಏಳನೆಯ ನಿಜಾಮರು ಸಮೀಪದ ಕಿಂಗ್ ಕೋಠಿಯಲ್ಲಿ ನೆಲಸಿದರು. 1935ರಲ್ಲಿ ರಸ್ತೆಯ ಸನಿಹದಲ್ಲಿಯೇ ಮೊಅಜ್ಜಮ್ ಜಾಹಿ ಮಾರುಕಟ್ಟೆಯ ಕಲ್ಲಿನ ಕಟ್ಟಡವೆದ್ದಿತು. ಆಬಿದನ ಮಳಿಗೆಯ ಜಾಗದಲ್ಲಿ ಪ್ಯಾಲೇಸ್ ಟಾಕೀಸ್ ಬಂದಿತು; ಆ ಚಿತ್ರಮಂದಿರವೂ ಕಾಲಕ್ರಮದಲ್ಲಿ ವಾಣಿಜ್ಯ ಕಟ್ಟಡಕ್ಕೆ ಎಡೆಗೊಟ್ಟಿತು. ಹೀಗೆ ಒಂದೇ ನೆಲದ ಮೇಲೆ ದರಬಾರಿನ ಗಿರಾಕಿ, ನಾಲ್ಕಾಣೆಯ ಪ್ರೇಕ್ಷಕ, ಸಿದ್ಧ ಉಡುಪನ್ನು ಕೊಳ್ಳುವ ಗೃಹಸ್ಥ ಇವರು ಒಬ್ಬರ ಹಿಂದೊಬ್ಬರು ನಡೆದುಹೋದರು. ಹೆಸರು ಮಾತ್ರ ಕದಲಲಿಲ್ಲ.

ರಾಜ್ಯವು ಭಾರತದಲ್ಲಿ ವಿಲೀನವಾದ 1948ನೆಯ ವರ್ಷವೇ ಇಲ್ಲಿಯ ತಾಜ್ ಮಹಲ್ ಹೋಟೆಲು ಆರಂಭವಾದ ವರ್ಷ. ಬಿರಿಯಾನಿ, ಇರಾನಿ ಚಹಾಗಳ ನಗರದಲ್ಲಿ ಇಡ್ಲಿ, ದೋಸೆಗಳಿಗೂ ಒಂದು ಗೌರವದ ಪೀಠ ದೊರೆಯಿತು. ಅರಮನೆಯ ಆಶ್ರಯವು ಕುಗ್ಗಿ ಮಧ್ಯಮ ವರ್ಗದ ಕೊಳ್ಳುವ ಶಕ್ತಿ ಮುಂದೆ ಬಂದುದಕ್ಕೆ ಇದೊಂದು ಕುರುಹು.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದುದು ಇದಕ್ಕೆ ಹೊಂದಿದ ಗನ್‌ಫೌಂಡ್ರಿ ಪ್ರದೇಶವನ್ನು. 18ನೆಯ ಶತಮಾನದ ಕೊನೆಯಲ್ಲಿ ಫ್ರೆಂಚ್ ಸೇನಾನಿ ರೇಮಂಡನು ಇಲ್ಲಿ ತೋಪುಗಳನ್ನು ಎರಕಹೊಯ್ಯಿಸಿದನು. ತೋಪು ಹೋಗಿ ಹಣ ಬಂದಿತು. 1941ರಲ್ಲಿ ಸ್ಥಾಪಿತವಾಗಿ ಉಸ್ಮಾನಿಯಾ ಸಿಕ್ಕಾ ನಾಣ್ಯದ ವ್ಯವಹಾರವನ್ನು ನಿರ್ವಹಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕು, 1956ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. ಅದರ ಪ್ರಧಾನ ಕಚೇರಿ ಗನ್‌ಫೌಂಡ್ರಿಯಲ್ಲಿ ನೆಲೆಗೊಂಡಿತು. ಆ ವರ್ಷದ ನವೆಂಬರ್ 1ರಂದು ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡ ಪ್ರದೇಶಗಳು ಮೈಸೂರು ರಾಜ್ಯವನ್ನು ಸೇರಿದವು. ರಾಜಧಾನಿ ಬದಲಾಯಿತು, ಆದರೆ ಅಲ್ಲಿಯ ಶಾಖೆಗಳ ಲೆಕ್ಕ ಗನ್‌ಫೌಂಡ್ರಿಗೆ ಬರುವುದು ನಿಲ್ಲಲಿಲ್ಲ. 2017ರ ಏಪ್ರಿಲ್ 1ರಂದು ಈ ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗುವವರೆಗೆ, ಅರುವತ್ತು ವರ್ಷ, ಹಳೆಯ ರಾಜ್ಯದ ಒಂದು ನಕ್ಷೆ ಅದರ ಖಾತೆ ಪುಸ್ತಕಗಳಲ್ಲಿ ಜೀವಂತವಾಗಿತ್ತು.

ಇದರಿಂದ ಹೊರಡುವ ಅರ್ಥ ಸಣ್ಣದಲ್ಲ. ಹೈದರಾಬಾದಿನ ಕನ್ನಡಿಗರೆಲ್ಲರೂ ವಲಸೆ ಬಂದವರಲ್ಲ. ಅವರಲ್ಲಿ ಅನೇಕರು ತಮ್ಮದೇ ರಾಜಧಾನಿಯಲ್ಲಿ ಓದಲು, ದುಡಿಯಲು, ನ್ಯಾಯ ಕೇಳಲು ಬಂದಿದ್ದವರು. ಗಡಿ ಸರಿದುದರಿಂದ, ಕುಳಿತಲ್ಲಿಯೇ ಹೊರನಾಡಿಗರಾದರು. ಈ ನಗರದ ಮೇಲಿನ ಅವರ ಹಕ್ಕು ಅತಿಥಿಯದಲ್ಲ, ಹಳೆಯ ನಿವಾಸಿಯದು.

ಆ ಹಕ್ಕಿನ ದಾಖಲೆಗಳು ಎಲ್ಲಿವೆ? ಕಟ್ಟಡಗಳನ್ನು ನಂಬುವಂತಿಲ್ಲ. ಬಾಡಿಗೆಯ ಚೀಟಿ, ಅಂಗಡಿಯ ರಸೀದಿ, ಶಾಲೆಯ ವಾರ್ಷಿಕ ವರದಿ, ಬ್ಯಾಂಕಿನ ಹಳೆಯ ಪುಸ್ತಕ ಇವು ಮನೆಮನೆಯ ಪೆಟ್ಟಿಗೆಗಳಲ್ಲಿರುವುವು. ಆಬಿದ್ ರಸ್ತೆಯಲ್ಲಿ ಭಾನುವಾರ ಮಳಿಗೆಗಳು ಮುಚ್ಚಿದಾಗ ಕಾಲುದಾರಿಯಲ್ಲಿ ಹಳೆಯ ಪುಸ್ತಕಗಳ ಸಂತೆ ನೆರೆಯುವುದುಂಟು. ನಮ್ಮ ಕಾಗದಗಳು ಆ ರಾಶಿಯನ್ನು ಸೇರುವ ಮೊದಲೇ ಸಂಘಗಳು ಅವನ್ನು ಸಂಗ್ರಹಿಸುವುದು ಲೇಸು.