ನಿಮಗಿದು ಗೊತ್ತೇ? ಯಾವ ಮಗ್ಗಿಗೂ ಸಿಗದ 214 ಕೋಟಿ!

2,14,74,83,647. ಇನ್ನೂರ ಹದಿನಾಲ್ಕು ಕೋಟಿ, ಎಪ್ಪತ್ನಾಲ್ಕು ಲಕ್ಷ, ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು. ಉಸ್ಸಪ್ಪಾ! ಒಂದರಿಂದ ಭಾಗವಾಗುತ್ತದೆ, ತನ್ನಿಂದ ತಾನು ಭಾಗವಾಗುತ್ತದೆ, ಅಷ್ಟೇ. ಶಾಲೆಯಲ್ಲಿ ಕಲಿತಿರಲ್ಲ, ಆ ಅವಿಭಾಜ್ಯ ಸಂಖ್ಯೆಗಳ ಪೈಕಿ ಇದೂ ಒಂದು!

ಇದರ ಹುಟ್ಟು ಮಾತ್ರ ತೀರ ಸರಳ. ಎರಡನ್ನು 31 ಸಲ ಬರೆದು ಎಲ್ಲ ಗುಣಿಸಿ, ಬಂದದ್ದರಲ್ಲಿ ಒಂದು ಕಳೆಯಿರಿ. ಚದುರಂಗದ ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಅಂತ ಇಡುತ್ತ ಹೋಗುವ ಕಥೆ ಕೇಳಿದ್ದೀರಿ ತಾನೆ? 31ನೇ ಮನೆ ತುಂಬಿದಾಗ ಮಣೆ ಮೇಲಿರುವ ಒಟ್ಟು ಕಾಳು ಸರಿಯಾಗಿ ಇಷ್ಟೇ!

ಒಂದು ಸೇರಿಸಿ ನೋಡಿ, ಬರೀ ಎರಡುಗಳ ಗುಣಲಬ್ಧ. ಒಂದು ಕಳೆದು ನೋಡಿ, 2, 3, 7, 11, 31, 151, 331 ಎಲ್ಲದರಿಂದಲೂ ಭಾಗವಾಗುತ್ತದೆ. ನಡುವೆ ಇದೊಂದೇ ಜಗ್ಗದೆ ಕೂತಿದೆ!

ಇದು ಅವಿಭಾಜ್ಯ ಅಂತ ಸಾಧಿಸಿದವರು ಗಣಿತಜ್ಞ ಲಿಯೊನಾರ್ಡ್ ಆಯ್ಲರ್, 1772ರಲ್ಲಿ. ಕಂಪ್ಯೂಟರ್ ಇಲ್ಲ, ಕ್ಯಾಲ್ಕ್ಯುಲೇಟರ್ ಇಲ್ಲ. ಸಾಲದ್ದಕ್ಕೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಆ ಮಹಾಶಯರಿಗೆ ಆಗ ಕಣ್ಣೂ ಹೆಚ್ಚುಕಡಿಮೆ ಹೋಗಿತ್ತು! 46,340ರವರೆಗೆ ಭಾಜಕ ಸಿಗದಿದ್ದರೆ ಮುಂದೆ ಹುಡುಕಬೇಕಿಲ್ಲ, ನಿಜ. ಆದರೂ ಅಷ್ಟನ್ನೂ ಭಾಗಿಸುತ್ತ ಕೂರುವವರು ಯಾರು? ಆಯ್ಲರ್ ಒಂದು ಉಪಾಯ ಹೂಡಿದರು. ಇದಕ್ಕೆ ಭಾಜಕ ಅಂತ ಏನಾದರೂ ಇದ್ದರೆ, ಆ ಭಾಜಕವನ್ನು 248ರಿಂದ ಭಾಗಿಸಿದಾಗ ಶೇಷ 1 ಇಲ್ಲವೇ 63 ಬರಲೇಬೇಕು. ಯಾಕೆ ಅಂತ ಕೇಳಬೇಡಿ, ಅದೇ ಒಂದು ಪಾಠವಾದೀತು. ಉಳಿದವಕ್ಕೆಲ್ಲ ಕೊಕ್! ಪರೀಕ್ಷಿಸಲು ಉಳಿದದ್ದು ಹೆಚ್ಚೆಂದರೆ 372!

ಇದನ್ನು ಎರಡರ 30ನೇ ಘಾತದಿಂದ ಗುಣಿಸಿದರೆ 19 ಅಂಕಿಯ ‘ಪರಿಪೂರ್ಣ ಸಂಖ್ಯೆ’ ಸಿಗುತ್ತದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ಮತ್ತೆ ತಾನೇ ಬರುವ ಸಂಖ್ಯೆ ಅದು. 1, 2, 3 ಕೂಡಿದರೆ 6 ಬಂತಲ್ಲ, ಹಾಗೆ. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಎಂದೂ ಹುಡುಕಲಾರರು, ಉಪಯೋಗವಿಲ್ಲದ ಕೆಲಸಕ್ಕೆ ಯಾರು ಹೆಣಗುತ್ತಾರೆ ಅಂತ 1811ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೋ ಷರಾ ಬರೆದುಬಿಟ್ಟರು. ಹೆಣಗಿದರು ಸ್ವಾಮಿ! ಇಂಥ ಒಂದೊಂದು ಅವಿಭಾಜ್ಯದಿಂದಲೂ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದಲ್ಲ, 2024ರ ಅಕ್ಟೋಬರ್‌ನಲ್ಲಿ ಸಿಕ್ಕ ಇದೇ ಜಾತಿಯ ಅವಿಭಾಜ್ಯಕ್ಕೆ 4,10,24,320 ಅಂಕಿಗಳು. ಸೆಕೆಂಡಿಗೊಂದರಂತೆ, ಊಟ ನಿದ್ದೆ ಬಿಟ್ಟು ಓದಿದರೂ 474 ದಿನ ದಾಟುತ್ತದೆ!

ಈ ತಾರೀಕು ಬರೆದಿಟ್ಟುಕೊಳ್ಳಿ: 2038ರ ಜನವರಿ 19, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. 1970ರ ಆರಂಭದಿಂದ ಸೆಕೆಂಡು ಎಣಿಸುತ್ತ ಬಂದ ಹಳೆಯ 32 ಬಿಟ್ ಲೆಕ್ಕದ ಕಂಪ್ಯೂಟರುಗಳು ಆಗ ನಮ್ಮ ಈ ಸಂಖ್ಯೆಯನ್ನು ಮುಟ್ಟುತ್ತವೆ. ಇದಕ್ಕಿಂತ ದೊಡ್ಡದು ಆ ಲೆಕ್ಕದಲ್ಲಿ ಹಿಡಿಸುವುದೇ ಇಲ್ಲ. ಮರುಸೆಕೆಂಡಿಗೆ, ದುರಸ್ತಿಯಾಗದ ಯಂತ್ರಗಳು ಸೀದಾ 1901ಕ್ಕೆ ಹಾರುತ್ತವೆ!

ಯೂಟ್ಯೂಬಿಗಂತೂ ಈ ಬಿಸಿ ಮೊದಲೇ ತಟ್ಟಿತ್ತು. 2014ರ ಡಿಸೆಂಬರ್‌ನಲ್ಲಿ ಕೊರಿಯಾದ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆಗಳ ಲೆಕ್ಕ ಈ ಮಿತಿಯನ್ನೇ ಮೀರಿತು! ಎಣಿಕೆಯನ್ನು 64 ಬಿಟ್‌ಗೆ ಏರಿಸಿದ್ದಾಯಿತು. ಹೊಸ ಮಿತಿಯ ಹುಟ್ಟೂ ಹಾಗೇ: ಎರಡನ್ನು 63 ಸಲ ಬರೆದು ಗುಣಿಸಿ, ಒಂದು ಕಳೆದದ್ದು. 19 ಅಂಕಿ! ಹಾಗಾದರೆ ಅದೂ ಅವಿಭಾಜ್ಯವೇ? ಊಹೂಂ, ಏಳರಿಂದಲೇ ಭಾಗವಾಗಿಬಿಡುತ್ತದೆ!