ರಾತ್ರಿ ಹತ್ತರವರೆಗೆ ಕೂತರೆ ಕೆಲಸ ಉಳಿಯುತ್ತದೆಯೇ?

ಬೆಂಗಳೂರಿನ ಐಟಿ ವಲಯದಲ್ಲಿ ಲೇಆಫ್ ಸುದ್ದಿ ಬಂದಾಗಲೆಲ್ಲ ಕ್ಯಾಂಟೀನಿನಲ್ಲಿ, ಕ್ಯಾಬ್‌ನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಲಹೆಗಳು ಹರಿದಾಡುತ್ತವೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಅವನ್ನು ನಂಬಿ ನಡೆದ ಎಷ್ಟೋ ಮಂದಿ ಕೆಲಸದ ಜೊತೆಗೆ ನ್ಯಾಯವಾಗಿ ಬರಬೇಕಿದ್ದ ಹಣವನ್ನೂ ಕಳೆದುಕೊಳ್ಳುತ್ತಾರೆ. ಮನೆಸಾಲದ ಇಎಂಐ, ಮಕ್ಕಳ ಫೀಸು, ಊರಿನಲ್ಲಿರುವ ಅಪ್ಪ ಅಮ್ಮನ ಔಷಧಿ ಎಲ್ಲವೂ ಒಂದೇ ಸಂಬಳವನ್ನು ನೆಚ್ಚಿರುವಾಗ ಇಂಥ ತಪ್ಪು ತುಂಬ ದುಬಾರಿ.

ತಪ್ಪು ಕಲ್ಪನೆ 1: ಕಂಪನಿ ಲಾಭದಲ್ಲಿದೆ, ಭಯವಿಲ್ಲ.

ಸತ್ಯ: 2025ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಟಿಸಿಎಸ್ 12,000 ಕೋಟಿ ರೂಪಾಯಿಗೂ ಹೆಚ್ಚು ನಿವ್ವಳ ಲಾಭ ಗಳಿಸಿತು. ಅದೇ ವರ್ಷದ ಜುಲೈನಲ್ಲಿ ಶೇ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಸಿಬ್ಬಂದಿಯನ್ನು ಕಡಿತ ಮಾಡುವುದಾಗಿ ಹೇಳಿತು. ಮಧ್ಯಮ ಮತ್ತು ಹಿರಿಯ ಹಂತದವರೇ ಅದರಲ್ಲಿ ಹೆಚ್ಚು. ಮುಂದೆ ಯಾವ ಕೆಲಸಕ್ಕೆ ಬೇಡಿಕೆ ಇರುತ್ತದೆ, ಯಾವುದಕ್ಕೆ ಇರುವುದಿಲ್ಲ ಎಂಬ ಲೆಕ್ಕಾಚಾರದ ಮೇಲೆ ಲಾಭದಲ್ಲಿರುವ ಕಂಪನಿಯೂ ಜನರನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಕಂಪನಿಯ ಲಾಭಕ್ಕಿಂತ ನಿಮ್ಮ ಪ್ರಾಜೆಕ್ಟಿನ ಸ್ಥಿತಿಯನ್ನು ಗಮನಿಸಿ. ಕ್ಲೈಂಟ್ ಜೊತೆಗಿನ ಕರಾರು ಯಾವಾಗ ಮುಗಿಯುತ್ತದೆ? ತಂಡ ಬಿಟ್ಟುಹೋದವರ ಜಾಗಕ್ಕೆ ಹೊಸಬರು ಬರುತ್ತಿದ್ದಾರೆಯೇ?

ತಪ್ಪು ಕಲ್ಪನೆ 2: ತಡರಾತ್ರಿಯವರೆಗೆ ದುಡಿದರೆ ಲೇಆಫ್ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ.

ಸತ್ಯ: ಎಷ್ಟೋ ಸಲ ಪಟ್ಟಿ ಸಿದ್ಧವಾಗುವುದು ನಿಮ್ಮ ಮ್ಯಾನೇಜರ್‌ಗಿಂತ ಮೇಲಿನ ಹಂತದಲ್ಲಿ. ನಿಮ್ಮ ಮುಖವನ್ನೇ ನೋಡದವರ ಮುಂದಿನ ಹಾಳೆಯಲ್ಲಿ ಇರುವುದು ಗ್ರೇಡ್, ಸಂಬಳ, ಕೌಶಲ, ರೇಟಿಂಗ್, ಬಿಲ್ಲಿಂಗ್, ಪ್ರಾಜೆಕ್ಟ್ ಇಲ್ಲದೆ ಬೆಂಚ್‌ನಲ್ಲಿ ಕಳೆದ ದಿನಗಳು. ವಾರಾಂತ್ಯವೂ ಕೂತು ಮಾಡಿದ ಕೆಲಸ ಆ ಹಾಳೆಯಲ್ಲಿ ಕಾಣುವುದಿಲ್ಲ. ವರ್ಷಕ್ಕೆ 225 ದಿನ ಬಿಲ್ಲಿಂಗ್ ಇರಲೇಬೇಕು, ಬೆಂಚ್ 35 ದಿನ ಮೀರಬಾರದು ಎಂದು ಟಿಸಿಎಸ್ 2025ರಲ್ಲಿ ನಿಯಮವನ್ನೇ ಮಾಡಿತು.

ಹಾಗಾಗಿ ಪ್ರಾಜೆಕ್ಟ್ ಮುಗಿಯುವ ಸೂಚನೆ ಸಿಕ್ಕ ಕೂಡಲೇ, ಬೆಂಚ್‌ಗೆ ಬರುವ ಮೊದಲೇ, ಕಂಪನಿಯೊಳಗೆ ಬೇರೆ ತಂಡ ಹುಡುಕಿ. ಮಾಡಿದ ಕೆಲಸ ಅಪ್ರೈಸಲ್‌ನಲ್ಲಿ ಲಿಖಿತವಾಗಿ ದಾಖಲಾಗಲಿ. ನಿಮ್ಮ ಕೆಲಸದ ಬೆಲೆ ಒಬ್ಬ ಮ್ಯಾನೇಜರ್‌ಗೆ ಮಾತ್ರ ಗೊತ್ತಿದ್ದರೆ ಸಾಲದು; ಅವರ ಹೆಸರೂ ಅದೇ ಪಟ್ಟಿಯಲ್ಲಿರಬಹುದು.

ತಪ್ಪು ಕಲ್ಪನೆ 3: ಲೇಆಫ್ ಆದವರು ಕೆಲಸ ಬಾರದವರು.

ಸತ್ಯ: ಒಂದು ಉತ್ಪನ್ನವನ್ನೇ ಕೈಬಿಟ್ಟರೆ ಅದರ ಅತ್ಯುತ್ತಮ ಎಂಜಿನಿಯರ್ ಕೂಡ ಹೊರಗೆ ಬರುತ್ತಾರೆ. ಹೊರಬಂದವರನ್ನು ಅನುಮಾನದಿಂದ ನೋಡಬೇಡಿ. ಹೊರಬಂದವರು ನೀವೇ ಆಗಿದ್ದರೆ, ಅದನ್ನು ಮನೆಯವರಿಂದ ಮುಚ್ಚಿಡಬೇಡಿ.

ತಪ್ಪು ಕಲ್ಪನೆ 4: ರಾಜೀನಾಮೆ ಕೊಟ್ಟುಬಿಟ್ಟರೆ ಮರ್ಯಾದೆ ಉಳಿಯುತ್ತದೆ.

ಸತ್ಯ: ಅತಿ ಹೆಚ್ಚು ನಷ್ಟವಾಗುವುದು ಇಲ್ಲಿಯೇ. ವಿಷಯ ತಿಳಿಸದೆ ಮೀಟಿಂಗ್‌ಗೆ ಕರೆಯುತ್ತಾರೆ. ಒಳಗೆ ಎಚ್‌ಆರ್ ಇರುತ್ತಾರೆ. ‘ನೀವೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತದೆ, ಈಗಲೇ ಕಳಿಸಿಬಿಡಿ’ ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದಿರುತ್ತದೆ. ಆದರೆ ರಾಜೀನಾಮೆ ಕೊಟ್ಟವರನ್ನು ಕಾನೂನು ಕೆಲಸದಿಂದ ತೆಗೆದವರೆಂದು ಎಣಿಸುವುದಿಲ್ಲ. ಕಡಿತದ ಪರಿಹಾರ ಕೇಳುವ ದಾರಿ ಬಹುತೇಕ ಮುಚ್ಚಿಹೋಗುತ್ತದೆ. ಒತ್ತಡ ಹಾಕಿ ಪಡೆದರೆಂದು ಆಮೇಲೆ ಸಾಬೀತು ಮಾಡುವುದು ಸುಲಭವಲ್ಲ. ಅಲ್ಲಿಯೇ ಸಹಿ ಹಾಕಬೇಡಿ. ‘ಓದಿಕೊಂಡು ಉತ್ತರಿಸುತ್ತೇನೆ, ಪ್ರಸ್ತಾಪವನ್ನು ಇಮೇಲ್ ಮಾಡಿ’ ಎಂದು ಹೇಳಿ ಎದ್ದು ಬನ್ನಿ.

ತಪ್ಪು ಕಲ್ಪನೆ 5: ಐಟಿಯವರಿಗೆ ಕಾರ್ಮಿಕ ಕಾನೂನು ಅನ್ವಯಿಸುವುದಿಲ್ಲ.

ಸತ್ಯ: ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ವಿನಾಯಿತಿ ಕೊಡುತ್ತ ಬಂದದ್ದು ಸ್ಥಾಯಿ ಆದೇಶಗಳ 1946ರ ಕಾಯ್ದೆಯಿಂದ. ಕಡಿತದ ಪರಿಹಾರದ ನಿಯಮ ಬೇರೆ. ಅದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿತ್ತು, ಅದರ ಜಾಗಕ್ಕೆ ಬಂದಿರುವ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಒಂದು ವರ್ಷದ ನಿರಂತರ ಸೇವೆ ಮುಗಿಸಿದ ಕಾರ್ಮಿಕರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ವೇತನ ಕೊಡಬೇಕು. ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ. ಎಂಟು ವರ್ಷ ದುಡಿದವರಿಗೆ ಇದು 120 ದಿನಗಳ ವೇತನ. ಐದು ವರ್ಷ ಆಗಿದ್ದರೆ ಗ್ರಾಚ್ಯುಟಿ ಬೇರೆ.

‘ಕಾರ್ಮಿಕ’ ಎಂಬ ಮಾತಿನಲ್ಲಿ ಎಂಜಿನಿಯರ್‌ಗಳು ತಮ್ಮನ್ನು ಸೇರಿಸಿಕೊಳ್ಳುವುದಿಲ್ಲ. ಆದರೆ ಕಾನೂನಿನ ಪ್ರಕಾರ ತಾಂತ್ರಿಕ ಕೆಲಸ ಮಾಡುವವರೂ ಅದರೊಳಗೆ ಬರುತ್ತಾರೆ. ಮುಖ್ಯವಾಗಿ ಆಡಳಿತ ನಿರ್ವಹಣೆ ಮಾಡುವವರು ಬರುವುದಿಲ್ಲ. ಹುದ್ದೆಯ ಹೆಸರಿನಲ್ಲಿ ‘ಮ್ಯಾನೇಜರ್’ ಇದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ದಿನನಿತ್ಯ ಏನು ಕೆಲಸ ಮಾಡುತ್ತೀರಿ ಎಂಬುದೇ ನಿರ್ಣಾಯಕ. ಬೆಂಗಳೂರಿನಲ್ಲಿ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು; ಐಟಿ ನೌಕರರದೇ ಸಂಘ ಕೆಐಟಿಯು ಇದೆ.

ಎಷ್ಟೇ ಎಚ್ಚರದಿಂದ ಇದ್ದರೂ ಕೆಲಸ ಉಳಿದೇ ಉಳಿಯುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಆದರೆ ಕೈಲಾದ ಸಿದ್ಧತೆಯನ್ನು ಬಿಡಬಾರದು. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಅಪ್ರೈಸಲ್ ಪತ್ರಗಳ ಪ್ರತಿ ಈ ವಾರವೇ ನಿಮ್ಮ ಬಳಿ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಲಾಕ್ ಆದ ಮೇಲೆ ಅವು ಸಿಗುವುದಿಲ್ಲ. ಕಂಪನಿಯ ಕೋಡ್, ಕ್ಲೈಂಟ್ ಮಾಹಿತಿ ಮಾತ್ರ ಮುಟ್ಟಬೇಡಿ. ಪಕ್ಕದ ಸೀಟಿನವರಿಗೂ ಇದನ್ನು ತಿಳಿಸಿ. ಮೀಟಿಂಗ್ ಕೋಣೆಗೆ ಒಬ್ಬೊಬ್ಬರನ್ನೇ ಕರೆಯುತ್ತಾರೆ. ನಿಯಮ ಗೊತ್ತಿದ್ದವರು ಅಲ್ಲಿ ಹೆದರಿ ಸಹಿ ಹಾಕುವುದಿಲ್ಲ.